ಗುರಿ ಮುಟ್ಟದ ಪರಾಗ

ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೇ ತಿನ್ನುತ್ತದೆ. ಅದನ್ನು ಪ್ಲಾಸ್ಟಿಕ್ ಸೀಸೆಯಲ್ಲಿ ಇಡಬೇಕು. ಮರಳು, ಜೇಡಿ, ಜೇಡಿಗಲ್ಲು ಯಾವುದೂ ಅದರ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ಕೋಟ್ಯಂತರ ವರ್ಷ ಹಳೆಯದಾದ ಜೇಡಿಗಲ್ಲಿನ ಒಂದು ಚೂರನ್ನು ಪುಡಿ ಮಾಡಿ ಅದರಲ್ಲಿ ನೆನೆಹಾಕಿದರೆ ಕಲ್ಲು ಕರಗಿಹೋಗುತ್ತದೆ. ತಳದಲ್ಲಿ ಉಳಿದ ಕಂದು ಮಡ್ಡಿಯನ್ನು ತೊಳೆದು, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಅಲ್ಲಿ ಹೂವಿನ ಪರಾಗವಿರುತ್ತದೆ. ಕಲ್ಲು ಹೋಯಿತು, ಪರಾಗ ಉಳಿಯಿತು. ಯಾವುದು ಗಟ್ಟಿ, ಯಾವುದು ಕ್ಷಣಿಕ ಎಂಬ ನಮ್ಮ ಎಣಿಕೆಯನ್ನು ಇಷ್ಟು ನೇರವಾಗಿ ಬುಡಮೇಲು ಮಾಡುವ ಇನ್ನೊಂದು ಪ್ರಯೋಗ ನನಗೆ ಗೊತ್ತಿಲ್ಲ.

ಪರಾಗಕಣದ ಒಳಗಿನ ಜೀವ ಬಹಳ ಕಾಲ ಬಾಳುವುದಿಲ್ಲ. ಅದನ್ನು ಕಾಯಲೆಂದು ಗಿಡ ಕಟ್ಟಿದ ಹೊರಗೋಡೆಯ ಕಥೆಯೇ ಬೇರೆ. ಸ್ಪೋರೋಪೊಲೆನಿನ್ ಎಂಬ ಆ ವಸ್ತು ಜೀವಲೋಕ ಇದುವರೆಗೆ ತಯಾರಿಸಿರುವ ಅತ್ಯಂತ ಬಾಳಿಕೆಯ ಪದಾರ್ಥಗಳಲ್ಲಿ ಒಂದು. ಗಾಳಿಯಾಡದ ಕೆಸರಿಗೆ ಬಿದ್ದರೆ ಸಾಕು, ಕೆಸರು ಕಲ್ಲಾದರೂ ಅದರ ಮೇಲಿನ ಮುಳ್ಳು, ಗೀರು, ರಂಧ್ರಗಳು ಹಾಗೆಯೇ ಉಳಿಯುತ್ತವೆ. ಆ ಗುರುತುಗಳಿಂದಲೇ ಇದು ತಾಳೆಯ ಜಾತಿಯದು, ಇದು ಹುಲ್ಲಿನದು, ಇದು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಗಿಡದ್ದು ಎಂದು ಬಲ್ಲವರು ಹೇಳುತ್ತಾರೆ.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿದೆ. ಹೂವು ಪರಾಗವನ್ನು ಕಳಿಸುವುದು ಇನ್ನೊಂದು ಹೂವಿನ ಶಲಾಕಾಗ್ರಕ್ಕೆ. ಅಲ್ಲಿಗೆ ತಲುಪಿದ ಕಣ ನಾಳವಾಗಿ ಬೆಳೆದು, ತನ್ನದನ್ನೆಲ್ಲ ಕೊಟ್ಟು, ಬೀಜದಲ್ಲಿ ಲೀನವಾಗುತ್ತದೆ. ಅದರ ಗುರುತು ಉಳಿಯುವುದಿಲ್ಲ. ಬಂಡೆಯಲ್ಲಿ ಸಿಗುವುದು ಗಾಳಿಗೆ ದಾರಿ ತಪ್ಪಿ ಕೆರೆಗೋ ಜೌಗಿಗೋ ಬಿದ್ದ ಕಣಗಳು. ಅಂದರೆ ನಮ್ಮ ಕೈಗೆ ಸಿಕ್ಕಿರುವ ಪಳೆಯುಳಿಕೆ ಪರಾಗದಲ್ಲಿ ಹೆಚ್ಚುಕಡಿಮೆ ಎಲ್ಲವೂ ತನ್ನ ಹುಟ್ಟಿನ ಉದ್ದೇಶವನ್ನು ಈಡೇರಿಸಲಾಗದೆ ಹೋದದ್ದು. ಭೂಮಿಯ ಕಾಡುಗಳ ಇತಿಹಾಸವನ್ನು ನಾವು ಓದುತ್ತಿರುವುದು ಗುರಿ ಮುಟ್ಟದವುಗಳ ಸಾಕ್ಷ್ಯದಿಂದ.

ಆ ಸಾಕ್ಷ್ಯವನ್ನು ಮೊದಲು ಅಂಕಿಗಳ ಕ್ರಮದಲ್ಲಿ ಜೋಡಿಸಿ ತೋರಿಸಿದವನು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್. 1916ರಲ್ಲಿ, ಇಂದು ಓಸ್ಲೋ ಎಂದು ಕರೆಯುವ ಊರಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಜೌಗುನೆಲದ ಒಂದೊಂದು ಪದರದಲ್ಲಿ ಯಾವ ಮರದ ಪರಾಗ ಎಷ್ಟು ಪಾಲಿದೆ ಎಂಬುದನ್ನು ಅವನು ನಕ್ಷೆಯಾಗಿ ಮುಂದಿಟ್ಟ. ಮುಂದೆ ಈ ದಾರಿ ಹತ್ತಾರು ಕೋಟಿ ವರ್ಷ ಹಳೆಯ ಬಂಡೆಗಳಿಗೂ ಹೋಯಿತು. ಕಲ್ಲಿದ್ದಲು ಮತ್ತು ತೈಲ ಹುಡುಕುವವರಿಗೆ ಇದು ದಿನನಿತ್ಯದ ಉಪಕರಣವಾಯಿತು. ಇಲ್ಲಿನ ಪದರದಲ್ಲಿರುವ ಪರಾಗಗಳ ಗುಂಪೇ ನೂರು ಮೈಲಿ ಆಚೆಯ ಕೊಳವೆಬಾವಿಯಲ್ಲೂ ಸಿಕ್ಕರೆ ಎರಡೂ ಒಂದೇ ಕಾಲದವು ಎಂದು ಹೇಳುವ ಧೈರ್ಯ ಬಂತು.

ಆದರೆ ಪರಾಗ ಹೇಳುವುದು ಕ್ರಮವನ್ನು. ಇದು ಮೊದಲು, ಅದು ಆಮೇಲೆ. ಇವೆರಡೂ ಒಟ್ಟಿಗೆ ಬಾಳಿದವು. ಎಷ್ಟು ವರ್ಷದ ಹಿಂದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಮ್ಮ ಶಾಸನಗಳನ್ನು ಬಲ್ಲವರಿಗೆ ಇದು ಹೊಸ ಕಷ್ಟವಲ್ಲ. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅಕ್ಷರಗಳ ರೂಪ, ಭಾಷೆಯ ಬಗೆ ನೋಡಿ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 450ರದೆಂದು ಎಣಿಸಿದರು; ಆ ಎಣಿಕೆಯ ಚರ್ಚೆ ಇನ್ನೂ ಮುಗಿದಿಲ್ಲ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿ ಕೆತ್ತಿಸಿದ ಶಾಸನದಲ್ಲಿ ಶಕ ವರ್ಷ 465 ಎಂದು ಸ್ಪಷ್ಟವಾಗಿದೆ, ಎಂದರೆ ಕ್ರಿ.ಶ. 543. ಅದೊಂದು ಸಂಖ್ಯೆ ಸಿಕ್ಕಿದ್ದರಿಂದ ಅದರ ಅಕ್ಷರಗಳನ್ನು ಹೋಲುವ ಎಷ್ಟೋ ಕಾಲರಹಿತ ಶಾಸನಗಳಿಗೂ ನೆಲೆ ಸಿಕ್ಕಿತು. ಬಂಡೆಗಳಲ್ಲಿ ಪರಾಗ ಲಿಪಿಯ ರೂಪವಿದ್ದಂತೆ. ಶಕವರ್ಷವನ್ನು ತಂದುಕೊಡುವುದು ಜ್ವಾಲಾಮುಖಿಯ ಬೂದಿ.

ಬೂದಿಯ ಗುಣವೇ ಅದು. ಜ್ವಾಲಾಮುಖಿ ಸಿಡಿದಾಗ ಆಕಾಶಕ್ಕೇರಿದ ಬೂದಿ ಕೆಲವೇ ದಿನ, ವಾರಗಳಲ್ಲಿ ನೂರಾರು ಮೈಲಿಗಳ ಮೇಲೆ ಹರಡಿ ಇಳಿಯುತ್ತದೆ. ಕೆರೆಯ ತಳದ ಕೆಸರು ಒಂದು ಗೇಣು ಸೇರಲು ಸಾವಿರಾರು ವರ್ಷ ಬೇಕಾಗಬಹುದು. ಅದರ ಮಧ್ಯೆ ಬೂದಿಯ ತೆಳುವಾದ ಬಿಳಿ ಗೆರೆಯೊಂದು ಒಂದೇ ಸಲಕ್ಕೆ ಬಂದು ಕೂರುತ್ತದೆ. ಆ ಬೂದಿಯಲ್ಲಿ ಜಿರ್ಕಾನ್ ಎಂಬ ಹರಳುಗಳಿರುತ್ತವೆ. ಕುದಿಯುವ ಶಿಲಾಪಾಕದಲ್ಲಿ ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಆಮೇಲೆ ಅದರೊಳಗೆ ಕಾಣುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಎರಡೂ ಒಂದೇ ಉತ್ತರ ಕೊಟ್ಟರೆ ಹರಳು ನಂಬಿಕೆಗೆ ಅರ್ಹ.

ಜಿರ್ಕಾನ್ ಕೂಡ ಮೊದಲು ಹೇಳಿದ ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಅದನ್ನು ಕರಗಿಸಲು ಮುಚ್ಚಿದ ಪಾತ್ರೆಯಲ್ಲಿ, ಇನ್ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ, ಒತ್ತಡದ ಕೆಳಗೆ ದಿನಗಟ್ಟಲೆ ಇಡಬೇಕು. ಹೂವು ಕಟ್ಟಿದ ಗೋಡೆ, ಬೆಂಕಿ ಕಟ್ಟಿದ ಹರಳು. ಮಿಕ್ಕೆಲ್ಲ ಕರಗಿದ ಮೇಲೂ ನಿಲ್ಲುವ ಈ ಎರಡರಿಂದಲೇ ಭೂಮಿಯ ಕಾಲವನ್ನು ಓದುತ್ತಿದ್ದೇವೆ.

ಎರಡೂ ಒಂದೇ ಕಡೆ ಕೂಡಿಬಂದ ಸ್ಥಳವೆಂದರೆ ಅಮೆರಿಕದ ಮೊಂಟಾನಾ ರಾಜ್ಯದ ಹೆಲ್ ಕ್ರೀಕ್ ಸೀಮೆ. ಟಿರನೊಸಾರಸ್ ರೆಕ್ಸ್ ಮೂಳೆಗಳಿಗೆ ಹೆಸರಾದ ಬರಡು ದಿಬ್ಬಗಳ ನಾಡು ಅದು. ಅಲ್ಲಿ ಬೂದುಬಣ್ಣದ ಜೇಡಿಗಲ್ಲಿನ ಮೇಲೆ ಕಲ್ಲಿದ್ದಲಿನ ತೆಳು ಪದರಗಳು ಬರುತ್ತವೆ. ಆ ಕಲ್ಲಿದ್ದಲಿನ ಬುಡದ ಹತ್ತಿರ, ಡೈನೊಸಾರ್‌ಗಳ ಯುಗ ಮುಗಿದ ಗಡಿಗೆರೆಯಲ್ಲಿ, ಕೆಲವೇ ಬೆರಳಗಲದಲ್ಲಿ ಮೂರು ಗುರುತುಗಳು ಸಿಗುತ್ತವೆ. ಮೊದಲನೆಯದು ಇರಿಡಿಯಂ, ಭೂಮಿಯ ಮೇಲ್ಪದರದಲ್ಲಿ ಅತ್ಯಪರೂಪವಾದ, ಆಕಾಶಕಾಯ ಅಪ್ಪಳಿಸಿದ್ದರ ಕುರುಹಾದ ಲೋಹ. ಎರಡನೆಯದು ಪರಾಗದ ಬದಲಾವಣೆ. ಕೆಳಗಿನ ಪದರಗಳಲ್ಲಿ ಅಕ್ವಿಲಾಪೊಲೆನೈಟಿಸ್ ಎಂಬ, ಹದ್ದು ರೆಕ್ಕೆ ಚಾಚಿದಂತೆ ಕಾಣುವ ಪರಾಗದ ಅನೇಕ ಪ್ರಭೇದಗಳಿದ್ದವು; ಆ ಗೆರೆಯಲ್ಲಿ ಅವುಗಳಲ್ಲಿ ಹಲವು ಒಮ್ಮೆಗೇ ಇಲ್ಲವಾಗುತ್ತವೆ. ನ್ಯೂ ಮೆಕ್ಸಿಕೋದ ರ‍್ಯಾಟನ್ ಪ್ರದೇಶದಲ್ಲಿ ಇದೇ ಗೆರೆಯ ಮೇಲಿನ ಪದರದ ತುಂಬ ಜರಿಗಿಡಗಳ ಬೀಜಕಣಗಳೇ. ಸುಟ್ಟ ನೆಲದಲ್ಲಿ ಮೊದಲು ಚಿಗುರಿದ್ದು ಜರಿಗಿಡ.

ಮೂರನೆಯದು ಬೂದಿ. ಗಡಿಗೆ ತೀರ ಹತ್ತಿರದ ಬೂದಿಪದರದ ಹರಳುಗಳನ್ನು ಆರ್ಗಾನ್ ವಿಧಾನದಿಂದ ಅಳೆದು ಪಾಲ್ ರೆನೆ ಮತ್ತು ಸಂಗಡಿಗರು 2013ರಲ್ಲಿ ಕೊಟ್ಟ ಉತ್ತರ 6 ಕೋಟಿ 60 ಲಕ್ಷ 43 ಸಾವಿರ ವರ್ಷ, ಹೆಚ್ಚುಕಡಿಮೆ 11 ಸಾವಿರ. ಡೆನ್ವರ್ ಪ್ರದೇಶದ ಬೂದಿಯಲ್ಲಿದ್ದ ಜಿರ್ಕಾನ್‌ಗಳಿಂದ 2016ರಲ್ಲಿ ಬಂದ ಉತ್ತರ 6 ಕೋಟಿ 60 ಲಕ್ಷ 22 ಸಾವಿರ, ಹೆಚ್ಚುಕಡಿಮೆ 24 ಸಾವಿರ. ಬೇರೆ ಊರು, ಬೇರೆ ಖನಿಜ, ಬೇರೆ ಮೂಲಧಾತು. ಆದರೂ ಎರಡು ಉತ್ತರಗಳ ಅಂಚುಗಳು ಒಂದನ್ನೊಂದು ಮುಟ್ಟುತ್ತವೆ.

ಆ ‘ಹೆಚ್ಚುಕಡಿಮೆ’ಯನ್ನು ನಾನು ಗೌರವದಿಂದ ಓದುತ್ತೇನೆ. ಅದು ಅನಿಶ್ಚಯದ ತಪ್ಪೊಪ್ಪಿಗೆಯಲ್ಲ. ತನಗೆ ಎಷ್ಟು ಗೊತ್ತು, ಎಲ್ಲಿಗೆ ತನ್ನ ಮಾತು ನಿಲ್ಲುತ್ತದೆ ಎಂಬುದನ್ನೂ ಅಳೆದು ಹೇಳಿದ ಮಾತು ಅದು. ಕಾಲದ ಬಗ್ಗೆ ನಾವು ಆಡುವ ಮಾತುಗಳಲ್ಲಿ, ಊರಿನ ಹಳಮೆಯ ಬಗ್ಗೆ, ಮನೆತನದ ಬಗ್ಗೆ, ಗುಡಿಯ ಬಗ್ಗೆ, ಇಂಥ ಅಂಚು ಎಷ್ಟು ಅಪರೂಪ! ಸಾವಿರ ವರ್ಷ ಎಂದರೆ ಸಾವಿರ ವರ್ಷ. ಅದರ ಸುತ್ತ ಯಾರೂ ಬೇಲಿ ಹಾಕುವುದಿಲ್ಲ.

ಇದೇ ಗಡಿಯ ಇನ್ನೊಂದು ಅರ್ಧ ಕಥೆ ನಮ್ಮ ಕಾಲ ಕೆಳಗಿದೆ. ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಕಪ್ಪು ಮಣ್ಣಿಗೆ ತಾಯಿಯಾದ ಬಸಾಲ್ಟ್, ಗೋಲಗುಂಬಜದ ಗೋಡೆಗೆ ಒದಗಿದ ಕಪ್ಪುಕಲ್ಲು, ಎಲ್ಲವೂ ದಖನ್ ಲಾವಾ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಲಾವಾ ಸಹ್ಯಾದ್ರಿಯ ಮಹಾಬಳೇಶ್ವರದ ಕಡೆ ಪದರದ ಮೇಲೆ ಪದರವಾಗಿ ಏರಿದೆ. ಆದರೆ ಅದು ಒಂದೇ ಉಸಿರಿಗೆ ಹರಿದದ್ದಲ್ಲ. ಹರಿದು, ನಿಂತು, ಮತ್ತೆ ಹರಿಯುತ್ತಿತ್ತು. ನಿಂತ ಕಾಲದಲ್ಲಿ ಮಳೆ ಬಿದ್ದು, ಕಲ್ಲು ಮಣ್ಣಾಗಿ, ತಗ್ಗುಗಳಲ್ಲಿ ಕೆರೆ ತುಂಬಿ, ದಂಡೆಯಲ್ಲಿ ತಾಳೆ ಬೆಳೆದು, ನೀರಿನಲ್ಲಿ ಮೀನು, ಬಸವನಹುಳು ಆಡಿದವು. ಮತ್ತೆ ಲಾವಾ ಬಂದು ಮುಚ್ಚಿತು. ಎರಡು ಲಾವಾಗಳ ನಡುವಿನ ಈ ತೆಳು ಪದರಗಳು ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣಗಳಲ್ಲಿ ಮಾತ್ರವಲ್ಲ, ನಮ್ಮ ಗುರುಮಠಕಲ್, ಯಾನಾಗುಂದಿಗಳ ಸುತ್ತಲೂ ಇವೆ. ದಖನ್ ಬಗ್ಗೆ ಮಾತಾಡುವವರೆಲ್ಲ ಲಾವಾದ ಅಗಾಧತೆಯನ್ನು ಬಣ್ಣಿಸುತ್ತಾರೆ. ಜೀವಕ್ಕೆ ಸಂಬಂಧಿಸಿದ್ದೆಲ್ಲ ಇರುವುದು ಲಾವಾ ಸುಮ್ಮನಿದ್ದ ಆ ನಡುಗಾಲಗಳಲ್ಲಿ.

1850ರ ದಶಕದಲ್ಲಿ ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಪ್ ಈ ನಡುಪದರಗಳ ಪಳೆಯುಳಿಕೆಗಳನ್ನು ಕೂಡಿಹಾಕಿದ. ಇವು ಡೈನೊಸಾರ್‌ಗಳ ಯುಗದ್ದೋ, ಅದರ ನಂತರದ್ದೋ ಎಂಬ ಪ್ರಶ್ನೆ ಅಂದೇ ಎದ್ದಿತು. 1934ರಲ್ಲಿ ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹ್ನಿ ಅದೇ ಪ್ರಶ್ನೆಯನ್ನು ತಲೆಬರಹವಾಗಿಸಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ದಖನ್ ಲಾವಾ ಕ್ರಿಟೇಶಿಯಸ್ ಕಾಲದ್ದೇ, ಟರ್ಷಿಯರಿ ಕಾಲದ್ದೇ? ಅವರ ವಾದ ಟರ್ಷಿಯರಿಯ ಕಡೆಗೆ. ಕಾರಣ, ನಡುಪದರಗಳಲ್ಲಿ ತಾಳೆಗಳು ಹೇರಳ. ಆಮೇಲೆ ನೀಪಾ ತಾಳೆಯ ಕಾಯಿಯೂ ಸಿಕ್ಕಿತು. ಅಂಥ ಕಾಯಿಗಳು ಇಂಗ್ಲೆಂಡಿನ ಲಂಡನ್ ಜೇಡಿಯಲ್ಲಿ ರಾಶಿರಾಶಿ, ಆ ಜೇಡಿ ಟರ್ಷಿಯರಿಯದು. ಗಿಡ ಒಂದೇ ಆದರೆ ಕಾಲವೂ ಒಂದೇ ಅಲ್ಲವೇ?

ತರ್ಕ ಅಚ್ಚುಕಟ್ಟಾಗಿತ್ತು. ಆದರೆ ಗಿಡಗಳು ಎಲ್ಲ ಕಡೆ ಒಂದೇ ದಿನ ಕಾಲಿಡುವುದಿಲ್ಲ. ಲಂಡನ್ನಿಗೆ ತಡವಾಗಿ ಬಂದದ್ದು ದಖನ್ನಿನಲ್ಲಿ ಮೊದಲೇ ಇದ್ದಿರಬಹುದು. ದಶಕಗಳ ನಂತರ ಜಬಲ್ಪುರ ಸೀಮೆಯ ಮತ್ತು ಮೋಹಗಾಂವ್ ಕಲಾನ್‌ನ ನಡುಪದರಗಳನ್ನು ಕರಗಿಸಿ ನೋಡಿದವರಿಗೆ ಅಕ್ವಿಲಾಪೊಲೆನೈಟಿಸ್ ಸಿಕ್ಕಿತು. ಮೊಂಟಾನಾದಲ್ಲಿ ಆ ಗೆರೆಯ ಕೆಳಗೆ ಸಿಗುವ ಹದ್ದಿನ ರೆಕ್ಕೆಯ ಅದೇ ಬಳಗದ ಪರಾಗ. ಹಾಗಾದರೆ ಈ ಪದರಗಳು ಕ್ರಿಟೇಶಿಯಸ್ಸಿನ ಕೊನೆಯವು. ಇತ್ತ ರಾಜಮಂಡ್ರಿಯ ಕಡೆಯ ಕೆಲವು ನಡುಪದರಗಳು ಗಡಿಯ ಈಚಿನವು ಎಂದಾಯಿತು. ಸಾಹ್ನಿಯವರ ಪ್ರಶ್ನೆಗೆ ಉತ್ತರ ‘ಎರಡೂ’ ಎಂದು. ಡೈನೊಸಾರ್‌ಗಳನ್ನು ಅಳಿಸಿದ ಗಡಿ ಲಾವಾದ ಮೇಲೂ ಇಲ್ಲ, ಕೆಳಗೂ ಇಲ್ಲ, ಅದರ ಹೊಟ್ಟೆಯೊಳಗೇ ಹಾದುಹೋಗಿದೆ. ಸಾಹ್ನಿ 1949ರ ಏಪ್ರಿಲ್ 10ರಂದು ತೀರಿಕೊಂಡರು, ಲಖನೌದ ಅವರ ಸಂಸ್ಥೆಗೆ ನೆಹರೂ ಅಡಿಗಲ್ಲಿಟ್ಟ ಒಂದು ವಾರಕ್ಕೆ. ಪಳೆಯುಳಿಕೆಗಳನ್ನೇ ಕೂಡಿಸಿ ಮಾಡಿದ ಅಡಿಗಲ್ಲು ಅದು. ಅವರ ಉತ್ತರ ಪೂರ್ತಿ ನಿಲ್ಲಲಿಲ್ಲ, ಆದರೆ ಪ್ರಶ್ನೆ ಸರಿಯಾದ ಜಾಗದಲ್ಲಿ ನಿಂತಿತ್ತು. ಅದನ್ನು ಸಣ್ಣದೆಂದು ನಾನು ಎಣಿಸಲಾರೆ.

ಇನ್ನು ಸಂಖ್ಯೆ. ಬಸಾಲ್ಟಿನಲ್ಲಿ ಜಿರ್ಕಾನ್ ಬಹಳ ವಿರಳ. ಆದರೆ ಸಹ್ಯಾದ್ರಿಯ ಘಾಟಿಗಳಲ್ಲಿ ಕಪ್ಪು ಲಾವಾಗಳ ನಡುವೆ ಕೆಂಪು ಮಣ್ಣಿನ ಪಟ್ಟಿಗಳಿವೆ, ಲಾವಾ ನಿಂತ ಕಾಲದ ನೆಲ. ದೂರದ ಯಾವುದೋ ಸಿಡಿತದ ಬೂದಿ ಆ ನೆಲದ ಮೇಲೆ ಬಿದ್ದು ಜಿರ್ಕಾನ್ ಬಿಟ್ಟುಹೋಗಿದೆ. ಬ್ಲೇರ್ ಶೋನ್ ಮತ್ತು ಸಂಗಡಿಗರು ಅವನ್ನು ಆರಿಸಿ 2015ರಲ್ಲಿ ಹೇಳಿದ್ದು: ಲಾವಾದ ಮುಖ್ಯ ಹರಿವು ಗಡಿಗೆ ಸುಮಾರು ಎರಡೂವರೆ ಲಕ್ಷ ವರ್ಷ ಮೊದಲು ಶುರುವಾಗಿ ಸುಮಾರು ಏಳೂವರೆ ಲಕ್ಷ ವರ್ಷ ನಡೆಯಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳ ಲೇಖನ ಬಂತು. ಜಿರ್ಕಾನ್ ಅಳೆದ ತಂಡ, ಅಳಿವಿಗೆ ಸ್ವಲ್ಪವೇ ಮೊದಲು ಲಾವಾದ ದೊಡ್ಡ ಉಕ್ಕು ಬಂದಿತ್ತು ಎಂದಿತು. ಲಾವಾದಲ್ಲೇ ಆರ್ಗಾನ್ ಅಳೆದ ಕೋರ್ಟ್ನಿ ಸ್ಪ್ರೇನ್ ತಂಡ, ಲಾವಾದ ಮುಕ್ಕಾಲು ಪಾಲು ಅಳಿವಿನ ನಂತರದ್ದು ಎಂದಿತು. ಡೈನೊಸಾರ್‌ಗಳ ಅಳಿವಿನಲ್ಲಿ ನಮ್ಮ ನೆಲದ ಬೆಂಕಿಯ ಪಾಲೆಷ್ಟು ಎಂಬ ತೀರ್ಪು ಈ ವ್ಯತ್ಯಾಸದ ಮೇಲೆ ನಿಂತಿದೆ.

ಎರಡೂ ತಂಡಗಳ ಅಂಕಿಗಳು ಸೂಕ್ಷ್ಮ. ತೊಡಕು, ನನಗೆ ಕಾಣುವಂತೆ, ಸಾಕ್ಷಿಗಳು ಅಗಲಿರುವುದರಲ್ಲಿದೆ. ಮೊಂಟಾನಾದಲ್ಲಿ ಪರಾಗ, ಇರಿಡಿಯಂ, ಬೂದಿ ಮೂರೂ ಒಂದು ಗೇಣಿನೊಳಗೆ ಕೂಡಿವೆ. ಗಡಿ ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ದಖನ್ನಿನಲ್ಲಿ ಪರಾಗ ಉಳಿದಿರುವುದು ಹೆಚ್ಚಾಗಿ ಪೂರ್ವದ ಕೆರೆಪದರಗಳಲ್ಲಿ. ಜಿರ್ಕಾನ್ ಸಿಕ್ಕಿದ್ದು ಪಶ್ಚಿಮದ ಕೆಂಪುಪಟ್ಟಿಗಳಲ್ಲಿ, ಮತ್ತು ಗಾಳಿ-ಬೆಳಕಿಗೆ ತುಕ್ಕಾದ ಆ ಮಣ್ಣಿನಲ್ಲಿ ಪರಾಗ ಉಳಿಯುವುದು ಕಷ್ಟ. ಸಂಖ್ಯೆ ಇರುವಲ್ಲಿ ಜೀವದ ಗುರುತಿಲ್ಲ, ಜೀವದ ಗುರುತಿರುವಲ್ಲಿ ಸಂಖ್ಯೆಯಿಲ್ಲ.

ಸಾಕ್ಷಿಗಳನ್ನು ಅಡ್ಡಪ್ರಶ್ನೆ ಮಾಡದೆ ನಂಬುವಂತೆಯೂ ಇಲ್ಲ. ಹಳೆಯ ಬಂಡೆ ಸವೆದು ಅದರ ಪರಾಗ ಹೊಸ ಕೆಸರಿಗೆ ಬಂದು ಸೇರಬಹುದು. ಆಗ ಪದರ ತನ್ನ ನಿಜವಾದ ವಯಸ್ಸಿಗಿಂತ ಮುದಿಯಾಗಿ ಕಾಣುತ್ತದೆ. ಜಿರ್ಕಾನ್ ಶಿಲಾಪಾಕದಲ್ಲಿ ಹುಟ್ಟಿ ಎಷ್ಟೋ ಸಾವಿರ ವರ್ಷ ಅಲ್ಲೇ ಕಾದು ಆಮೇಲೆ ಸಿಡಿದು ಹೊರಬಂದಿರಬಹುದು. ಅದು ಹೇಳುವುದು ತನ್ನ ಹುಟ್ಟನ್ನು, ನೆಲಕ್ಕೆ ಬಿದ್ದ ದಿನವನ್ನಲ್ಲ. ಅದಕ್ಕಾಗಿ ಒಂದೊಂದು ಹರಳನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಹರಳನ್ನು ಮೊದಲು ಕಾಯಿಸಿ, ಆಮ್ಲದಲ್ಲಿ ಅದರ ಜಖಂಗೊಂಡ ಭಾಗಗಳನ್ನು ಕರಗಿಸಿ ಚೆಲ್ಲಿ, ಸೋರಿಕೆಯಿಲ್ಲದ ಗಟ್ಟಿ ತಿರುಳನ್ನು ಮಾತ್ರ ಪ್ರಶ್ನಿಸುತ್ತಾರೆ. ಜೇಮ್ಸ್ ಮ್ಯಾಟಿನ್‌ಸನ್ 2005ರಲ್ಲಿ ತೋರಿಸಿಕೊಟ್ಟ ಈ ಕ್ರಮವಿಲ್ಲದಿದ್ದರೆ ಇಂದಿನ ನಿಖರತೆ ಇರುತ್ತಿರಲಿಲ್ಲ.

ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಹೂವಿಲ್ಲದ, ಜರಿಗಿಡವೂ ಇಲ್ಲದ, ನೆಲದ ಮೇಲೆ ಗಿಡವೆಂಬುದೇ ಇಲ್ಲದ ಕಾಲ. ಕರ್ನಾಟಕದ ಬಹುಪಾಲು ಶಿಲೆಗಳು ಇಂಥವು. ಅವುಗಳ ಪರವಾಗಿ ಮಾತಾಡಲು ಜಿರ್ಕಾನ್ ಮತ್ತು ಅಂಥ ಹರಳುಗಳು ಮಾತ್ರ ಇವೆ. ಅಲ್ಲಿ ನಮಗೆ ವರ್ಷ ಸಿಗುತ್ತದೆ, ಆ ವರ್ಷದಲ್ಲಿ ಯಾರು ಯಾರ ಪಕ್ಕದಲ್ಲಿ ಬಾಳಿದರು ಎಂಬುದು ಸಿಗುವುದಿಲ್ಲ. ವಯಸ್ಸನ್ನು ಅರಿಯುವುದೆಂದರೆ ಬರಿಯ ಎಣಿಕೆ ಎಂದು ನಂಬಿದವರು ಆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಯೋಚಿಸಬಹುದು. ಎಣಿಕೆಗೆ ಒಡನಾಡಿಗಳ ಹೆಸರೂ ಬೇಕು.

ಮನುಷ್ಯರ ಕಾಲದಲ್ಲೂ ಪರಾಗ-ಬೂದಿಗಳ ಈ ಜೋಡಿ ಕೆಲಸ ಮಾಡಿದೆ. ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಭಾರತದ ಮೇಲೆ ಬಿತ್ತು. ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಮಣ್ಣಿನ ಕಂಬದಲ್ಲಿ ಆ ಬೂದಿಯ ಮೇಲಿನ ಪರಾಗವನ್ನು ಎಣಿಸಿದವರು 2009ರಲ್ಲಿ ಮರಗಳು ಕಡಿಮೆಯಾದ ಸುಳಿವು ಕಂಡರು. ಆದರೆ ಕರ್ನೂಲು ಕಡೆಯ ಜ್ವಾಲಾಪುರಂನಲ್ಲಿ ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರ ತಂಡಕ್ಕೆ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕವು, ಒಂದನ್ನೊಂದು ಬಹಳ ಹೋಲುವಂಥವು. ಕಾಡು ಸೊರಗಿತು, ಮನುಷ್ಯ ಉಳಿದ. ಇಷ್ಟನ್ನು ಹೇಳಿದ ಆ ಬೂದಿಯನ್ನು ಅಲ್ಲಿ ಗಣಿ ತೋಡಿ ಸಾಗಿಸುತ್ತಿದ್ದರು.

ಆತಂಕ ಇರುವುದು ಅಲ್ಲಿಯೇ. ಲಾಲ್‌ಬಾಗಿನ ಬಂಡೆಗೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಇದೆ. ಅವು ಕಣ್ಣಿಗೆ ಕಾಣುವಷ್ಟು ದೊಡ್ಡವು. ಎರಡು ಲಾವಾಗಳ ನಡುವಿನ ಒಂದು ಗೇಣು ಕೆರೆಮಣ್ಣಿಗೆ ಚೆಲುವೂ ಇಲ್ಲ, ಫಲಕವೂ ಇಲ್ಲ. ಜಲ್ಲಿಯ ಕ್ವಾರಿಗೆ ಅದು ಬೇಡದ ಕಸ, ರಸ್ತೆ ಅಗಲ ಮಾಡುವವರಿಗೆ ಅಡ್ಡ ಬಂದ ಮೆತ್ತನೆ ಮಣ್ಣು. ಭೂಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಮಸೂದೆಯ ಕರಡೊಂದನ್ನು ಪ್ರಕಟಿಸಿತ್ತು. ಕಾಯ್ದೆಗಾಗಿ ಕಾಯದೆಯೂ ಮಾಡಬಹುದಾದದ್ದು ಇದೆ. ಕಲಬುರಗಿ, ಯಾದಗಿರಿ, ಬೀದರ, ಬೆಳಗಾವಿಗಳ ಕ್ವಾರಿ ಗುತ್ತಿಗೆಗಳಲ್ಲಿ, ನಡುಪದರ ಕಂಡಲ್ಲಿ ಒಂದು ಮುಖವನ್ನು ಕಡಿಯದೆ ಬಿಡಬೇಕೆಂಬ ಷರತ್ತನ್ನು ಜಿಲ್ಲಾಡಳಿತಗಳು ಸೇರಿಸಲಿ. ಅಲ್ಲಿನ ಕಾಲೇಜುಗಳ ಭೂವಿಜ್ಞಾನ ಅಧ್ಯಾಪಕರು ತಮ್ಮ ತಾಲ್ಲೂಕಿನ ಇಂಥ ಜಾಗಗಳ ಪಟ್ಟಿ ಮಾಡಿ, ಮಣ್ಣಿನ ಮಾದರಿ ತೆಗೆದಿಡಲಿ. ನೀವು ಆ ಸೀಮೆಯವರಾದರೆ, ನಿಮ್ಮೂರ ಕಲ್ಲುಗಣಿಯ ಗೋಡೆಯಲ್ಲಿ ಕಪ್ಪಿನ ನಡುವೆ ಬೂದಿಬಣ್ಣದ ಅಥವಾ ಕೆಂಪು ಪಟ್ಟಿಯೊಂದು ಕಂಡರೆ, ಅದು ಹೋಗುವ ಮೊದಲು ಅವರಿಗೆ ತಿಳಿಸಿ.